ಬರೀ ಕಡಿಯೂದು ಬಡಿಯೂದು ಯಾಕ ನೋಡ್ತಿ?

ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ. ಹೌದು, ನಾನು ಸೇಡಿನ ಸಿನಿಮಾ ಜಾಸ್ತಿ ನೋಡುತ್ತೇನೆ. ನನಗೆ ಯಾರ ಮೇಲೂ ಹಗೆ ಇಲ್ಲ. ಮನೆಯಲ್ಲಿ ಕುಡುಗೋಲಿದೆ, ಅದು ಮೇವು ಕೊಯ್ಯೋಕೆ.

ಪ್ರಶ್ನೆಗಿಂತ ಕೇಳುವ ಧಾಟಿ ಸಿಟ್ಟು ತರಿಸುತ್ತದೆ. "ಮಾಸ್ತರಾಗಿ ಇಂಥಾವು ನೋಡೂದ?" ಅಂತಾರೆ. ಅಲ್ರೀ, ನಮ್ಮೂರು ಮುಧೋಳ. ಇಲ್ಲೇ ಹುಟ್ಟಿದ ರನ್ನ ಸಾವಿರ ವರ್ಷದ ಹಿಂದೆ ಬರೆದ ಗದಾಯುದ್ಧ ಸೇಡಿನ ಕಥೆಯಲ್ಲದೆ ಮತ್ತೇನು? ತೊಡೆ ಮುರಿಯುತ್ತೇನೆ ಅಂದವನು ಮುರಿಯುತ್ತಾನೆ. ಅದನ್ನು ಪಾಠ ಮಾಡಿದರೆ ಸಂಬಳ, ಸಿನಿಮಾದಲ್ಲಿ ನೋಡಿದರೆ ಸಂಶಯ! ರನ್ನನ ಜಾಣತನ ನೋಡಿ. ಗೆಲ್ಲುವವನು ಭೀಮ. ಆದರೆ ಹೆಣಗಳ ನಡುವೆ ದ್ರೋಣ, ದುಶ್ಶಾಸನ, ಕರ್ಣರನ್ನು ಕಂಡು ಅಳುತ್ತಾ ಹೋಗುವ ದುರ್ಯೋಧನನ ಹಿಂದೆ ನಮ್ಮನ್ನು ನಡೆಸುತ್ತಾನೆ. ಆಮೇಲೆ ಭೀಮನಿಗೆ ಚಪ್ಪಾಳೆ ಹೊಡೆಯೋಕೆ ಕೈ ಏಳಲ್ಲ.

2003ರ ಕೊರಿಯನ್ ಸಿನಿಮಾ 'ಓಲ್ಡ್‌ಬಾಯ್' ನೋಡಿದಾಗಲೂ ಹಾಗೇ ಆಯಿತು. ಒಬ್ಬನನ್ನು ಹದಿನೈದು ವರ್ಷ ಕೂಡಿಹಾಕಿ, ಅಂದುಕೊಂಡಿದ್ದೆಲ್ಲ ಸಾಧಿಸಿದವನು ಕೊನೆಗೆ ಲಿಫ್ಟ್‌ನಲ್ಲಿ ಗುಂಡು ಹೊಡೆದುಕೊಳ್ಳುತ್ತಾನೆ. (ನೋಡದವರು ಕ್ಷಮಿಸಿ, ಇಪ್ಪತ್ತು ವರ್ಷ ಕಾದಿದ್ದೇನೆ.)

ಸೇಡು ತೀರಿದ ಮರುದಿನ ಬೆಳಿಗ್ಗೆ ಎದ್ದು ಏನು ಮಾಡ್ತಾರೆ? ಇದನ್ನು ಯಾರೂ ಕೇಳಲ್ಲ. ನನ್ನ ಹತ್ತಿರ ಇದಕ್ಕೇ ಉತ್ತರ ಇರೋದು.

ಹೋದ ವರ್ಷ ಜಮಖಂಡಿಯಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಪಕ್ಕ ಕೂತ ಕಾಕಾ ಹುಗ್ಗಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ಕೇಳಿದ, "ಬರೀ ಕಡಿಯೂದು ಬಡಿಯೂದು ಯಾಕ ನೋಡ್ತಿ?"

ಕೇಳಿದ್ದು ಯಾರು! ಒಂದು ಬದುವಿಗಾಗಿ ಸ್ವಂತ ಅಣ್ಣನ ಮೇಲೆ ಹನ್ನೊಂದು ವರ್ಷ ಕೋರ್ಟು ಅಲೆದವನು. ಎರಡು ಎಮ್ಮೆ, ಕಾಕೂನ ಬೋರಮಾಳ, ಎಲ್ಲಾ ವಕೀಲರ ಫೀಸಿಗೆ ಹೋಯಿತು. ತೀರ್ಪು ಅವನ ಕಡೆಗೇ ಆಯಿತು. ಅಣ್ಣ ನಾಲ್ಕು ತಿಂಗಳ ಮೊದಲೇ ತೀರಿಕೊಂಡಿದ್ದ. ಮಣ್ಣಿಗೂ ಇವನು ಹೋಗಿರಲಿಲ್ಲ.

ಸರ್ವೆಯವರು ಬಂದು ಕಲ್ಲು ನೆಟ್ಟು ಹೋದರು. ಗೆದ್ದದ್ದು ನಾಲ್ಕು ಸಾಲು ಕಬ್ಬು ಹಿಡಿಸುವಷ್ಟು ಜಾಗ. ಸುತ್ತಲೂ ಕಬ್ಬು ಎದೆಮಟ್ಟ ನಿಂತಿದೆ. ಆ ಪಟ್ಟಿಯಲ್ಲಿ ಮಾತ್ರ ಕಾಕಾ ಇವತ್ತಿಗೂ ನೇಗಿಲು ಹಾಕಿಲ್ಲ. ಕರಿಕೆ ಬೆಳೆದಿದೆ. ಅಣ್ಣನ ಮನೆಯ ಆಡುಗಳು ಬಂದು ಮೇಯುತ್ತವೆ. ಬದುವಿನ ಮೇಲೆ ಕೂತು ನೋಡುತ್ತಾನೆ, ಓಡಿಸುವುದಿಲ್ಲ.

ಇದನ್ನೆಲ್ಲ ಪಂಕ್ತಿಯಲ್ಲಿ ಹೇಳೋಕಾಗುತ್ತಾ? "ಹಾಡು ಚಲೋ ಇರ್ತಾವ ಕಾಕಾ" ಅಂದು ಸುಮ್ನೆ ಹುಗ್ಗಿಗೆ ಕೈ ಹಾಕಿದೆ.