ಬುಲ್ ಬಿಟ್ಟು ಟ್ರೆಬಲ್ 20ಕ್ಕೆ: ಮಿಕುರು ಸುಝುಕಿಯ ಆಟ

2024 ಜನವರಿ 14, ಭಾನುವಾರ

ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಲ್ಲಿ ಡಾರ್ಟ್ಸ್ ವಿಶ್ವ ಚಾಂಪಿಯನ್‌ಶಿಪ್ ಮುಗಿದು ಹತ್ತು ದಿನವಾದರೂ ಎಲ್ಲರ ಬಾಯಲ್ಲೂ 16ರ ಹುಡುಗ ಲ್ಯೂಕ್ ಲಿಟ್ಲರ್‌ನದೇ ಹೆಸರು. ಅವನು ಆಡಿದ್ದೂ ಹಾಗೆಯೇ. ಅದೇ ವೇದಿಕೆಯಲ್ಲಿ ಮೊದಲ ಸುತ್ತಿನಲ್ಲೇ ರಿಕಾರ್ಡೊ ಪೀಟ್ರೆಚ್ಕೊಗೆ 0–3 ಸೆಟ್‌ಗಳಿಂದ ಸೋತ ಜಪಾನಿನ ಮಿಕುರು ಸುಝುಕಿ ಮಾತ್ರ ಯಾರ ನೆನಪಿಗೂ ಬಂದಂತಿಲ್ಲ. ಆ ಒಂದು ಸೋಲನ್ನು ಹಿಡಿದು ಅವರನ್ನು ಅಳೆಯುವುದು ತಪ್ಪು. ಅವರು ಎಲ್ಲಿಂದ ಬಂದರು, ಏನನ್ನೆಲ್ಲ ಬದಲಿಸಿಕೊಳ್ಳಬೇಕಾಯಿತು ಎಂಬುದನ್ನು ಇವತ್ತು ಬರೆದಿಡುತ್ತೇನೆ.

ಸುಝುಕಿ ಶಿಕೋಕು ದ್ವೀಪದ ಕಾಗಾವಾ ಪ್ರಾಂತ್ಯದವರು, ಹುಟ್ಟಿದ್ದು 1982ರಲ್ಲಿ. ಜಪಾನಿನಲ್ಲಿ ಡಾರ್ಟ್ಸ್ ಅಂದರೆ ಬಹುಪಾಲು ಸಾಫ್ಟ್ ಟಿಪ್: ಪ್ಲಾಸ್ಟಿಕ್ ಮೊನೆಯ ಡಾರ್ಟ್, ತೂತುಗಳಿರುವ ಎಲೆಕ್ಟ್ರಾನಿಕ್ ಬೋರ್ಡು, ಬಾರುಗಳಲ್ಲಿ ನಿಂತಿರುವ ಡಾರ್ಟ್ಸ್‌ಲೈವ್, ಫೀನಿಕ್ಸ್ ಯಂತ್ರಗಳು. ಅದಕ್ಕೆಂದೇ ವೃತ್ತಿಪರ ಟೂರ್‌ಗಳೂ ಇವೆ. ಇಂಗ್ಲೆಂಡಿನಲ್ಲಿ ಆಡುವುದು ಸ್ಟೀಲ್ ಟಿಪ್, ಅಂದರೆ ಉಕ್ಕಿನ ಮೊನೆಯ ಡಾರ್ಟ್. ದೂರದಿಂದ ಎರಡೂ ಒಂದೇ ಆಟದಂತೆ ಕಾಣುತ್ತವೆ, ಆದರೆ ಗುರಿ ಇಡುವ ಜಾಗವೇ ಬೇರೆ.

ಸಾಫ್ಟ್ ಟಿಪ್‌ನ ಸಾಮಾನ್ಯ ನಿಯಮದಲ್ಲಿ ಬುಲ್‌ನ (ಬೋರ್ಡಿನ ನಟ್ಟನಡುವಿನ ವೃತ್ತ) ಒಳಗೆ ಬಿದ್ದರೂ ಹೊರ ಉಂಗುರಕ್ಕೆ ಬಿದ್ದರೂ 50. ಮೂರು ಡಾರ್ಟ್ ಬುಲ್‌ಗೆ ಹೋದರೆ 150. ಹಾಗಾಗಿ 501ರಿಂದ ಸೊನ್ನೆಗೆ ಇಳಿಯುವ ಆಟದಲ್ಲಿ ಎಲ್ಲರ ಕಣ್ಣೂ ಬುಲ್ ಮೇಲೆ. ಸ್ಟೀಲ್ ಬೋರ್ಡಿನಲ್ಲಿ ಹೊರ ಬುಲ್‌ಗೆ ಬರೀ 25, 50 ಬೇಕಾದರೆ 12.7 ಮಿ.ಮೀ. ಅಗಲದ ಒಳ ವೃತ್ತಕ್ಕೇ ಹೊಡೆಯಬೇಕು. ಅಲ್ಲಿ ಅಂಕ ಇರುವುದು ಟ್ರೆಬಲ್ 20ರಲ್ಲಿ, ಅಂದರೆ 20 ಮೂರು ಪಟ್ಟಾಗುವ ಕಿರಿದಾದ ಪಟ್ಟಿಯಲ್ಲಿ. ಆ ಪಟ್ಟಿ 8 ಮಿ.ಮೀ. ಅಗಲ, ಎಡಕ್ಕೆ 5, ಬಲಕ್ಕೆ 1. ಮೇಲೆ ಕೆಳಗೆ ತಪ್ಪಿದರೆ 20 ಸಿಗುತ್ತದೆ, ಪಕ್ಕಕ್ಕೆ ಜಾರಿದರೆ ಆ ಡಾರ್ಟ್ ವ್ಯರ್ಥ. ಬುಲ್‌ಗೆ ಪಳಗಿದ ಕೈ ಸುತ್ತಲೂ ಸಮನಾಗಿ ತಪ್ಪುತ್ತದೆ. ಇಲ್ಲಿ ಅಡ್ಡಕ್ಕೆ ತಪ್ಪುವುದನ್ನೇ ಮೊದಲು ನಿಲ್ಲಿಸಬೇಕು.

ದೂರವೂ ಬೇರೆ. ಸಾಫ್ಟ್ ಟಿಪ್‌ಗೆ ಎಸೆಯುವವರು ನಿಲ್ಲುವ ಗೆರೆ ಬೋರ್ಡಿನಿಂದ 244 ಸೆಂ.ಮೀ., ಸ್ಟೀಲ್‌ಗೆ 237. ಬುಲ್‌ನ ಎತ್ತರ ಮಾತ್ರ ಎರಡಕ್ಕೂ 173 ಸೆಂ.ಮೀ. ಗೆರೆ 7 ಸೆಂ.ಮೀ. ಹತ್ತಿರ ಬಂದರೆ ಡಾರ್ಟ್ ಕೊಂಚ ಮೇಲೆ ಬೀಳಬೇಕು, ಆದರೆ ಸ್ಟೀಲ್ ಡಾರ್ಟ್ ಸಾಮಾನ್ಯವಾಗಿ 21–24 ಗ್ರಾಂ, ಸಾಫ್ಟ್‌ನದು 16–20. ಅದೇ ಬಲದಲ್ಲಿ ಎಸೆದರೆ ತೂಕದ್ದು ನಿಧಾನವಾಗಿ ಹೋಗಿ ಹೆಚ್ಚು ಇಳಿಯುತ್ತದೆ. ಒಂದು ತಪ್ಪನ್ನು ಇನ್ನೊಂದು ಮುಚ್ಚಿಹಾಕುವುದರಿಂದ ಮೊದಲ ದಿನ ಎಲ್ಲ ಸರಿ ಇದ್ದಂತೆಯೇ ಅನಿಸುತ್ತದೆ. ದಣಿದಾಗ ಕೈ ಇಳಿಯುತ್ತದೆ, ಸಾಲಾಗಿ ಟ್ರೆಬಲ್‌ನ ಕೆಳಗೇ ಬೀಳತೊಡಗುತ್ತವೆ.

ಹಳೆಯ ಬ್ಯಾರೆಲ್ಲನ್ನೇ (ಕೈಯಲ್ಲಿ ಹಿಡಿಯುವ ಭಾಗ) ಇಟ್ಟುಕೊಂಡು ಪ್ಲಾಸ್ಟಿಕ್ ಮೊನೆಯ ಜಾಗಕ್ಕೆ ತಿರುಪಿನ ಉಕ್ಕಿನ ಮೊನೆ ಹಾಕಿಕೊಳ್ಳುವವರೂ ಇದ್ದಾರೆ. ಆಗ ಮುಂಭಾಗ ಭಾರವಾಗಿ ಡಾರ್ಟ್ ಮೂಗು ಬಗ್ಗಿಸುತ್ತದೆ. ಹಿಂದಿನ ಕಡ್ಡಿಯನ್ನು, ಅಂದರೆ ಶಾಫ್ಟನ್ನು, ಒಂದು ಅಳತೆ ಉದ್ದ ಮಾಡಿದರೆ ಅಥವಾ ದೊಡ್ಡ ಫ್ಲೈಟ್ (ಬಾಲದ ರೆಕ್ಕೆ) ಹಾಕಿದರೆ ಸುಧಾರಿಸುತ್ತದೆ. ತಿರುಪು ಆಡುತ್ತಾ ಆಡುತ್ತಾ ಸಡಿಲವಾಗುವುದೂ ಉಂಟು, ಮೊನೆಯ ಬುಡಕ್ಕೆ ಚಿಕ್ಕ ರಬ್ಬರ್ ಉಂಗುರ ಹಾಕಿ ಬಿಗಿದರೆ ನಿಲ್ಲುತ್ತದೆ. ಇನ್ನೊಂದು ಮಾತು: ಯಂತ್ರದಲ್ಲಿ ಡಾರ್ಟ್ ಬಡಿದು ಕೆಳಗೆ ಬಿದ್ದರೂ ಸೆನ್ಸರ್ ಒತ್ತಿದ್ದರೆ ಅಂಕ ಬರುತ್ತದೆ. ಸ್ಟೀಲ್ ಆಟದಲ್ಲಿ ತಂತಿಗೆ ತಾಗಿ ನೆಲಕ್ಕೆ ಬಿದ್ದರೆ ಸೊನ್ನೆ.

ಇಷ್ಟಾದರೂ ಜಪಾನಿನವರ ಕೈಯಲ್ಲಿ ಒಂದು ಬಂಡವಾಳ ಇದ್ದೇ ಇದೆ, ಅದು ಕ್ರಿಕೆಟ್ ಎಂಬ ಡಾರ್ಟ್ಸ್ ಆಟ. 20ರಿಂದ 15ರವರೆಗಿನ ಸಂಖ್ಯೆಗಳಿಗೂ ಬುಲ್‌ಗೂ ಮೂರು ಮೂರು ಗುರುತು ಬಿದ್ದರೆ ಅದು ಮುಚ್ಚಿದಂತೆ. ಟ್ರೆಬಲ್ ಒಂದಕ್ಕೇ ಮೂರು ಗುರುತು. ಹೀಗಾಗಿ ಆರೂ ಟ್ರೆಬಲ್‌ಗಳಿಗೆ ಕೈ ಹದಗೊಂಡಿರುತ್ತದೆ. 20ರ ಪಟ್ಟಿಗೆ ಡಾರ್ಟ್ ಅಡ್ಡ ನಿಂತರೆ ತಕ್ಷಣ 19ಕ್ಕೆ ಇಳಿಯುವುದು ಅವರಿಗೆ ಕಷ್ಟವೇ ಅಲ್ಲ.

ನಿಜವಾದ ಪರೀಕ್ಷೆ ಡಬಲ್‌ನಲ್ಲಿ, ಅಂದರೆ ಅಂಕ ಎರಡು ಪಟ್ಟಾಗುವ ಹೊರ ಅಂಚಿನ ಪಟ್ಟಿಯಲ್ಲಿ. ಸ್ಟೀಲ್ ಟಿಪ್‌ನಲ್ಲಿ ಕೊನೆಯ ಡಾರ್ಟ್ ಡಬಲ್ ಅಥವಾ ಒಳ ಬುಲ್ ಆಗಲೇಬೇಕು. ಬಾರಿನ ಯಂತ್ರದಲ್ಲಿ ಬಹಳ ಕಡೆ ಹೇಗೆ ಮುಗಿಸಿದರೂ ನಡೆಯುತ್ತದೆ. 32 ಉಳಿಸಿಕೊಳ್ಳುವುದು ಯಾಕೆ ಜಾಣತನ ನೋಡಿ: ಡಬಲ್ 16ಕ್ಕೆ ಎಸೆದು ಒಳಗೆ ತಪ್ಪಿದರೆ 16, ಅಂದರೆ ಡಬಲ್ 8. ಮತ್ತೆ ತಪ್ಪಿದರೆ ಡಬಲ್ 4, ಆಮೇಲೆ ಡಬಲ್ 2, ಡಬಲ್ 1. ಎಲ್ಲೂ ಬೆಸ ಸಂಖ್ಯೆಗೆ ಸಿಕ್ಕಿಬೀಳುವುದಿಲ್ಲ. 40ರಲ್ಲಿ ಹಾಗಲ್ಲ, ಡಬಲ್ 20, ಡಬಲ್ 10, ಡಬಲ್ 5 ಆದ ಮೇಲೆ 5 ಉಳಿದು ಒಂದು ಡಾರ್ಟ್ ದಂಡ. ಇದನ್ನೆಲ್ಲ ಗೆರೆಯ ಮೇಲೆ ನಿಂತೇ ಲೆಕ್ಕ ಹಾಕಬೇಕು. ಎಷ್ಟು ಉಳಿದಿದೆ ಎಂದು ಅಂಕ ಕೂಗುವ ಕಾಲರ್ ಹೇಳುತ್ತಾನೆ, ಹೇಗೆ ಮುಗಿಸಬೇಕೆಂದು ಹೇಳುವುದಿಲ್ಲ.

ಈ ಹಿನ್ನೆಲೆಯಲ್ಲಿ 2019ರ ಜನವರಿಯನ್ನು ನೋಡಬೇಕು. ಇಂಗ್ಲೆಂಡಿನ ಲೇಕ್‌ಸೈಡ್‌ನಲ್ಲಿ ಬಿಡಿಒ (ಬ್ರಿಟಿಷ್ ಡಾರ್ಟ್ಸ್ ಆರ್ಗನೈಸೇಶನ್) ಎಂಬ ಸಂಸ್ಥೆ ನಡೆಸುತ್ತಿದ್ದ ಬೇರೊಂದು ವಿಶ್ವ ಚಾಂಪಿಯನ್‌ಶಿಪ್‌ನ ಮಹಿಳಾ ವಿಭಾಗಕ್ಕೆ ಹೊಸಬರಾಗಿ ಬಂದ ಸುಝುಕಿ ಮೊದಲ ಸುತ್ತಿನಲ್ಲೇ ಹಾಲಿ ಚಾಂಪಿಯನ್ ಲಿಸಾ ಆ್ಯಷ್ಟನ್‌ರನ್ನು ಮನೆಗೆ ಕಳಿಸಿದರು. ಫೈನಲ್‌ನಲ್ಲಿ ಲೊರೇನ್ ವಿನ್‌ಸ್ಟಾನ್ಲಿ ವಿರುದ್ಧ ಗೆದ್ದು ಆ ಕಿರೀಟ ತೊಟ್ಟ ಮೊದಲ ಏಷ್ಯನ್ ಆದರು. 2020ರಲ್ಲಿ ಅದೇ ಆ್ಯಷ್ಟನ್‌ರನ್ನು ಫೈನಲ್‌ನಲ್ಲಿ ಸೋಲಿಸಿ ಪ್ರಶಸ್ತಿ ಉಳಿಸಿಕೊಂಡರು. ಆ ವರ್ಷವೇ ಬಿಡಿಒ ಮುಚ್ಚಿಹೋಯಿತು, ಕೋವಿಡ್ ಬಂತು. ಎರಡು ಸಲ ವಿಶ್ವ ಚಾಂಪಿಯನ್ ಆದವರಿಗೆ ಸಿಗಬೇಕಾದ ಮನ್ನಣೆ ಸಿಗದೇ ಹೋಗಲು ಇದೂ ಒಂದು ಕಾರಣ.

ಆದರೂ ನನ್ನ ಮಟ್ಟಿಗೆ ಅವರ ಅತ್ಯುತ್ತಮ ಆಟ ಸೋತ ಪಂದ್ಯದಲ್ಲೇ ಇದೆ. 2019ರ ಡಿಸೆಂಬರಿನಲ್ಲಿ, ಪುರುಷರೂ ಮಹಿಳೆಯರೂ ಒಟ್ಟಿಗೆ ಆಡುವ ಇದೇ ಅಲೆಕ್ಸಾಂಡ್ರಾ ಪ್ಯಾಲೇಸಿನ ಟೂರ್ನಿಯಲ್ಲಿ, ಜೇಮ್ಸ್ ರಿಚರ್ಡ್ಸನ್ ಎದುರು ಅವರು 2–3ರವರೆಗೆ ಒಯ್ದರು. ಕೆಲ ದಿನಗಳಲ್ಲೇ ಫಾಲನ್ ಶೆರಾಕ್ ಟೆಡ್ ಎವೆಟ್ಸ್‌ರನ್ನು ಮಣಿಸಿ, ಆ ಟೂರ್ನಿಯಲ್ಲಿ ಪುರುಷ ಆಟಗಾರನನ್ನು ಸೋಲಿಸಿದ ಮೊದಲ ಮಹಿಳೆಯಾದರು. ಆ ಸಾಲಿನಲ್ಲಿ ಸುಝುಕಿ ಹೆಸರು ಇರಬೇಕಿತ್ತು, ಒಂದು ಸೆಟ್‌ನಲ್ಲಿ ತಪ್ಪಿತು.

2023ರ ಜುಲೈನಲ್ಲಿ ಬ್ಲ್ಯಾಕ್‌ಪೂಲ್‌ನ ಮಹಿಳಾ ವರ್ಲ್ಡ್ ಮ್ಯಾಚ್‌ಪ್ಲೇ ಫೈನಲ್‌ನಲ್ಲಿ ಬೋ ಗ್ರೀವ್ಸ್‌ಗೆ ಸೋತರು. ಅಲ್ಲಿಗೆ ಬರಲು ಮಹಿಳಾ ಸರಣಿಯಲ್ಲಿ ಮೊದಲ ಎಂಟರೊಳಗೆ ಇರಬೇಕಿತ್ತು. ಆ ಸರಣಿ ಆಗ ನಡೆಯುತ್ತಿದ್ದುದು ಇಂಗ್ಲೆಂಡ್, ಜರ್ಮನಿಗಳಲ್ಲಿ, ಒಂದೇ ವಾರಾಂತ್ಯಕ್ಕೆ ನಾಲ್ಕು ಟೂರ್ನಿಯಂತೆ. ಇಂಗ್ಲಿಷ್ ಆಟಗಾರ್ತಿಯರು ಕಾರಿನಲ್ಲಿ ಬಂದಿಳಿಯುತ್ತಿದ್ದ ಸಭಾಂಗಣಕ್ಕೆ ಸುಝುಕಿ ಎಂಟು ಒಂಬತ್ತು ಗಂಟೆಗಳ ಸಮಯ ವ್ಯತ್ಯಾಸ ದಾಟಿ ಬರಬೇಕಿತ್ತು, ಮರುದಿನ ಬೆಳಗ್ಗೆಯೇ ಗೆರೆಯ ಮೇಲೆ ನಿಲ್ಲಬೇಕಿತ್ತು. 40 ದಾಟಿದ ಮೇಲೂ ಅವರು ಈ ಓಡಾಟ ಬಿಟ್ಟಿರಲಿಲ್ಲ.