ನೀರಿನ ಮಾನೋಮೀಟರ್ ಕೆಲಸ: ವಾಯುವೇಗ ಮಾಪಕದ ಮೊದಲ ಪರೀಕ್ಷೆ

ವಿಮಾನದ ವಾಯುವೇಗ ಮಾಪಕವೊಂದನ್ನು ಪರೀಕ್ಷಿಸಲು ನೀರಿನ ಮಾನೋಮೀಟರ್, ಅಂದರೆ ನೀರಿನ ಎತ್ತರದಿಂದ ಒತ್ತಡ ಅಳೆಯುವ ಹಲಗೆ, ಸಿದ್ಧವಾಗಿದೆ. ಒಂದು ಮೀಟರ್ ಉದ್ದದ ಪ್ಲೈವುಡ್ ಮೇಲೆ ಪಾರದರ್ಶಕ ಕೊಳವೆಯನ್ನು ‘ಯು’ ಆಕಾರದಲ್ಲಿ ಬಗ್ಗಿಸಿ ಕಟ್ಟಿದ್ದೇನೆ. ಎರಡು ಕಾಲುಗಳ ನಡುವೆ ಉಕ್ಕಿನ ಅಳತೆಪಟ್ಟಿ ಇದೆ. ಕೊಳವೆ ಗಾರೆ ಕೆಲಸದವರು ಮಟ್ಟ ನೋಡಲು ಬಳಸುವಂಥದ್ದೇ. ಪಕ್ಕದ ಸೈಟಿನ ಮೇಸ್ತ್ರಿಯವರು ಹಲಗೆ ನೋಡಿದವರೇ, “ಮೊದಲು ಗುಳ್ಳೆ ಬಿಡಿಸಿ ಸಾರ್, ಒಂದು ಗುಳ್ಳೆ ಉಳಿದರೂ ಮಟ್ಟ ತಪ್ಪುತ್ತದೆ” ಎಂದರು. ಅವರು ಹೇಳಿದಂತೆ ಕೊಳವೆಯನ್ನು ಬೆರಳಿನಿಂದ ತಟ್ಟುತ್ತಾ ಬಂದಾಗ ಬಾಗಿನಲ್ಲಿ ಅಡಗಿದ್ದ ಗುಳ್ಳೆಗಳೆಲ್ಲ ಮೇಲೆ ಬಂದವು. ಒಳಗಿರುವುದು ಬ್ಯಾಟರಿಗೆ ಹಾಕುವ ಶುದ್ಧ ನೀರು, ಕಾಣಲೆಂದು ಚೂರು ಅಡುಗೆ ಬಣ್ಣ, ನೀರು ಕೊಳವೆಯ ಗೋಡೆಗೆ ಹನಿಹನಿಯಾಗಿ ಅಂಟದಿರಲೆಂದು ಒಂದು ಹನಿ ಪಾತ್ರೆ ತೊಳೆಯುವ ದ್ರವ.

ಮಾಪಕವನ್ನು ಭಾನುವಾರದ ಸಂತೆಯಲ್ಲಿ ಗುಜರಿ ಸಾಮಾನಿನ ನಡುವೆ ಕಂಡು ಕೊಂಡದ್ದು. ಮುಖದ ಮೇಲೆ 40ರಿಂದ 140 ನಾಟ್‌ವರೆಗೆ ಗುರುತುಗಳಿವೆ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್). ವೇಗಮಾಪಕ ಎಂದು ಕರೆದರೂ ಅದು ಅಳೆಯುವುದು ಒತ್ತಡವನ್ನು. ಎದುರುಗಾಳಿಗೆ ಬಾಯಿ ತೆರೆದ ಪಿಟೋ ಕೊಳವೆಯ ಒತ್ತಡ ಒಳಗಿನ ತೆಳು ಲೋಹದ ಡಬ್ಬಿಗೆ ಹೋಗುತ್ತದೆ, ಹೊರಗಾಳಿಯ ಸ್ಥಿರ ಒತ್ತಡ ಡಬ್ಬಿಯ ಸುತ್ತಲಿನ ಕವಚಕ್ಕೆ ಹೋಗುತ್ತದೆ. ಇವೆರಡರ ವ್ಯತ್ಯಾಸಕ್ಕೆ ತಕ್ಕಂತೆ ಡಬ್ಬಿ ಉಬ್ಬಿ ಮುಳ್ಳನ್ನು ತಿರುಗಿಸುತ್ತದೆ. 1732ರಲ್ಲಿ ಫ್ರೆಂಚ್ ಎಂಜಿನಿಯರ್ ಆನ್ರಿ ಪಿಟೋ ಸೀನ್ ನದಿಯ ಹರಿವನ್ನು ಅಳೆದದ್ದೂ ಇದೇ ತತ್ತ್ವದಿಂದ. ಹಾಗಾಗಿ ಮಾಪಕದ ಪರೀಕ್ಷೆಗೆ ಬೇಕಾದ ವೇಗದಲ್ಲಿ ಗಾಳಿ ಬೀಸುವ ಗಾಳಿ ಸುರಂಗ ಬೇಕಿಲ್ಲ. ಗೊತ್ತಿರುವ ಒತ್ತಡ ಕೊಟ್ಟು ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ನೋಡಿದರೆ ಸಾಕು. ಗೊತ್ತಿರುವ ಒತ್ತಡಕ್ಕೆ ನಿಂತ ನೀರಿಗಿಂತ ನಂಬಿಕಸ್ಥ ಆಧಾರ ಮನೆಯಲ್ಲಿ ಬೇರೆ ಸಿಗದು. ಅದರ ಎತ್ತರವನ್ನು ಅಳೆಯಲು ಅಳತೆಪಟ್ಟಿಯೊಂದಿದ್ದರೆ ಆಯಿತು.

ಲೆಕ್ಕ ಸರಳ: ಒಂದು ವೇಗಕ್ಕೆ ತಕ್ಕ ಒತ್ತಡ ಸಿಗಲು ಗಾಳಿಯ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ತೆಳು. ಆದರೂ ಇಲ್ಲಿ ಹಾಕಬೇಕಾದದ್ದು ಸಮುದ್ರಮಟ್ಟದ ಸಾಂದ್ರತೆಯನ್ನೇ, ಅಂದರೆ ಘನ ಮೀಟರಿಗೆ 1.225 ಕಿಲೋಗ್ರಾಂ. ಏಕೆಂದರೆ ಮಾಪಕದ ಗುರುತುಗಳನ್ನು ಹಾಕಿರುವುದೇ ಅದಕ್ಕೆ. ಬೆಂಗಳೂರಿನದೇ ಜಕ್ಕೂರು ವಿಮಾನ ನಿಲ್ದಾಣದ ಮೇಲೆ ಹಾರುವ ವಿಮಾನದ ಮುಳ್ಳು 100 ತೋರಿಸುವಾಗ ಅದರ ನಿಜ ವೇಗ 104 ನಾಟ್‌ಗಿಂತಲೂ ಹೆಚ್ಚಿರುತ್ತದೆ. ಅದು ಪೈಲಟ್ ಮಾಡಬೇಕಾದ ಲೆಕ್ಕ, ಮಾಪಕದ ದೋಷವಲ್ಲ.

ಊರಿಗೆ ತಕ್ಕ ತಿದ್ದುಪಡಿ ಬೇಕಾಗುವುದು ನೀರಿನ ಕಡೆಗೆ. ಇಲ್ಲಿನ ಗುರುತ್ವ ಸುಮಾರು 9.78 ಮೀ/ಸೆ², ಪ್ರಮಾಣಿತ ಮೌಲ್ಯ 9.807. ಜೊತೆಗೆ 25 ಡಿಗ್ರಿಯಲ್ಲಿ ನೀರಿನ ಸಾಂದ್ರತೆ ಘನ ಮೀಟರಿಗೆ 997 ಕಿಲೋಗ್ರಾಂ, ಪೂರ್ತಿ 1000 ಅಲ್ಲ. ಎರಡೂ ಸೇರಿ, ಅದೇ ಒತ್ತಡಕ್ಕೆ ನೀರು ಶೇ 0.6ರಷ್ಟು ಹೆಚ್ಚು ಏರಬೇಕು. ಗಾಳಿ ಸಂಕುಚಿತವಾಗುವುದನ್ನೂ ಸೇರಿಸಿದ ಮೇಲೆ ನನ್ನ ಪಟ್ಟಿ ಹೀಗಿದೆ: 40 ನಾಟ್‌ಗೆ 27 ಮಿಲಿಮೀಟರ್, 60ಕ್ಕೆ 60, 80ಕ್ಕೆ 107, 100ಕ್ಕೆ 167, 120ಕ್ಕೆ 241. ಇದು ಎರಡು ಕಾಲುಗಳ ನೀರಿನ ಮಟ್ಟದ ಅಂತರ. ಒಂದು ಕಾಲಿನ ಏರಿಕೆಯನ್ನಷ್ಟೇ ಓದಿದರೆ ಅರ್ಧ ಮಾತ್ರ ಸಿಗುತ್ತದೆ.

ಒತ್ತಡ ಕೊಡಲು ಸಿರಿಂಜ್ ಬಳಸಿದೆ. ಬಾಯಿಯಿಂದ ಊದಿದರೆ ಉಸಿರಿನ ತೇವ ಆ ಸೂಕ್ಷ್ಮ ಡಬ್ಬಿಗೆ ಹೋಗುತ್ತದೆ. ಸಿರಿಂಜ್, ಹಲಗೆ, ಮಾಪಕದ ಪಿಟೋ ರಂಧ್ರ ಮೂರನ್ನೂ ‘ಟಿ’ ಜೋಡಣೆಯಿಂದ ಸೇರಿಸಿ, ನೀರು ಮಾಪಕದತ್ತ ನುಗ್ಗದಂತೆ ಮಧ್ಯೆ ಒಂದು ಖಾಲಿ ಸೀಸೆ ಇಟ್ಟಿದ್ದೇನೆ. ಸ್ಥಿರ ಒತ್ತಡದ ರಂಧ್ರ ತೆರೆದೇ ಇದೆ.

ಮುಳ್ಳು ಜೀವಂತವಾಗಿದೆ! 167 ಮಿಲಿಮೀಟರಿಗೆ 98 ತೋರಿಸಿತು, 60 ಮಿಲಿಮೀಟರಿಗೆ 57. ಒತ್ತಡ ಇಳಿಸುತ್ತಾ ಬಂದಾಗ ಅದೇ ಜಾಗಗಳಲ್ಲಿ ಎರಡು ಮೂರು ನಾಟ್ ಹೆಚ್ಚು ತೋರಿಸಿತು. ಒಳಗಿನ ಘರ್ಷಣೆ ಇದಕ್ಕೆ ಕಾರಣ. ಕವಚವನ್ನು ಮೆಲ್ಲಗೆ ತಟ್ಟಿದರೆ ಅಂತರ ಬಹುಪಾಲು ಕರಗುತ್ತದೆ. ಹಾರಾಟದಲ್ಲಿ ಎಂಜಿನ್ನಿನ ಕಂಪನವೇ ಆ ತಟ್ಟುವ ಕೆಲಸ ಮಾಡುತ್ತದೆ.

ಸೋರಿಕೆ ಪರೀಕ್ಷೆ ಇದಕ್ಕಿಂತ ಕಷ್ಟದ್ದು. ಸಿರಿಂಜಿನ ಕೊಳವೆಗೆ ಕ್ಲಿಪ್ ಹಾಕಿ ಕಾದರೆ ನೀರಿನ ಮಟ್ಟ ಇಳಿಯುತ್ತದೆ, ಕೆಲವೊಮ್ಮೆ ಏರುತ್ತದೆ. ಸೋರುವ ಕೊಳವೆಯಲ್ಲಿ ಮಟ್ಟ ಏರುವುದೆಂದರೇನು? ಕಾರಣ ಶಾಖ. ಒಳಗೆ ಸಿಕ್ಕಿಕೊಂಡ ಗಾಳಿ ಒಂದೇ ಡಿಗ್ರಿ ಬಿಸಿಯಾದರೂ, ಅದರ ಗಾತ್ರ ಬದಲಾಗದಿದ್ದರೆ, ಒತ್ತಡ ಸುಮಾರು 30 ಮಿಲಿಮೀಟರ್ ನೀರಿನಷ್ಟು ಏರಬೇಕು. ಕೈಯ ಬಿಸಿ, ಕಿಟಕಿಯ ಬಿಸಿಲು ಎಲ್ಲವೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ವೇಗದ ಹೋಲಿಕೆಗೆ ಇದರಿಂದ ತೊಂದರೆಯಿಲ್ಲ, ನೀರು ಮತ್ತು ಮುಳ್ಳು ಎರಡೂ ಅದೇ ಒತ್ತಡವನ್ನೇ ನೋಡುತ್ತಿರುತ್ತವೆ. ಸೋರಿಕೆಯನ್ನು ಮಾತ್ರ ಸಂಜೆ, ನೆರಳಲ್ಲಿ, ಕೊಳವೆಯನ್ನು ಮುಟ್ಟದೆ ನೋಡಬೇಕು.

ಹಾರುವ ವಿಮಾನದ ಮಾಪಕಕ್ಕೆ ಪರವಾನಗಿ ಪಡೆದ ಕಾರ್ಯಾಗಾರದ ಪರೀಕ್ಷೆಯೇ ಬೇಕು, ನನ್ನದು ಮೇಜಿನ ಮೇಲೆ ಉಳಿಯುವಂಥದ್ದು. ಆದರೂ ಕಡಿಮೆ ವೇಗದ ಗುರುತುಗಳ ಓದು ನನಗೆ ಸಮಾಧಾನ ಕೊಟ್ಟಿಲ್ಲ. 40 ನಾಟ್‌ನಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಮುಕ್ಕಾಲು ನಾಟ್ ತಪ್ಪುತ್ತದೆ. ಹಲಗೆಯನ್ನು ನೆಲದಿಂದ 30 ಡಿಗ್ರಿ ಕೋನಕ್ಕೆ ಓರೆಯಾಗಿಸಿದರೆ ಅದೇ ಏರಿಕೆ ಪಟ್ಟಿಯ ಮೇಲೆ ಎರಡರಷ್ಟು ಉದ್ದವಾಗಿ ಕಾಣುತ್ತದೆ. ಅದಕ್ಕೆ ಬೇಕಾದ ಮರದ ಆಸರೆ ಕೊಯ್ದಿಟ್ಟಿದ್ದೇನೆ. ಮೇಸ್ತ್ರಿಯವರಿಂದ ರಸಮಟ್ಟ ಕೇಳಿ ತಂದು ಅದನ್ನು ಕೂರಿಸುವುದು ಮುಂದಿನ ಕೆಲಸ.