ಲಾಗ್‌ಬುಕ್ಕಿನ ಒಂದು ಅಕ್ಷರ

ಕಾರವಾರದಲ್ಲಿ ಎಂಬಿಬಿಎಸ್ ಓದುತ್ತಿರುವ ತಂಗಿಯ ಮಗಳು ಇಂದು ಸಂಜೆ ತನ್ನ ಕಲಿಕೆಯ ದಾಖಲೆ ಪುಸ್ತಕವಾದ ಲಾಗ್‌ಬುಕ್ ತೆರೆದು, ವಾರ್ಡ್ ಪೋಸ್ಟಿಂಗ್‌ನಲ್ಲಿ ತನಗೆ ದೊರೆತ ‘ಎಂ’ ಎಂಬ ಒಂದೇ ಅಕ್ಷರವನ್ನು ತೋರಿಸಿದಳು.

2019ರಲ್ಲಿ ಜಾರಿಗೆ ಬಂದ ಸಾಮರ್ಥ್ಯಾಧಾರಿತ ಪಠ್ಯಕ್ರಮದ ಲಾಗ್‌ಬುಕ್ಕಿನಲ್ಲಿ ನಿರೀಕ್ಷೆಗಿಂತ ಕಡಿಮೆಯಿದ್ದರೆ ‘ಬಿ’, ನಿರೀಕ್ಷೆಯಷ್ಟಿದ್ದರೆ ‘ಎಂ’, ಮೀರಿದ್ದರೆ ‘ಇ’.

ಆ ಪೋಸ್ಟಿಂಗ್‌ನಲ್ಲಿ ಬೈತಖೋಲದ ಮೀನು ಮಾರುವ ಅಜ್ಜಿಯೊಬ್ಬರು ಕನ್ನಡದಲ್ಲಿ ಕೇಳಿದಾಗ ‘ಎದೆಯುರಿ’ ಎಂದಷ್ಟೇ ಹೇಳಿದ್ದರಂತೆ. ಇವಳು ಮಂಚದ ಪಕ್ಕ ಕುಳಿತು ಕೊಂಕಣಿಯಲ್ಲಿ ವಿಚಾರಿಸಿದ ಮೇಲೆ, ಬುಟ್ಟಿ ಹೊತ್ತು ದಿಬ್ಬ ಏರುವಾಗ ಮಾತ್ರ ಆ ಉರಿ ಬರುತ್ತದೆ, ಕುಳಿತರೆ ಇಳಿಯುತ್ತದೆ ಎಂಬುದು ಹೊರಬಿತ್ತು.

‘ಎಂ’ ಹಾಕಿದ ಬೋಧಕರು ಆಗ ಅಲ್ಲಿರಲಿಲ್ಲ. ಪಕ್ಕದಲ್ಲಿ ನಿಂತು ನೋಡದೆ ಹಾಕಿದ ಅಕ್ಷರವನ್ನು ಮೌಲ್ಯಮಾಪನವೆನ್ನಲು ನನಗೆ ಮನಸ್ಸು ಬರುವುದಿಲ್ಲ; ಅದು ಬರೀ ಅಂದಾಜು.

ಆ ಉರಿ ಹೃದಯದ್ದಿರಬಹುದೆಂದು ಅಜ್ಜಿಗೆ ಅಂದೇ ಇಸಿಜಿ ಮಾಡಿಸಿದರಂತೆ.